ಅಲುಗಾಡಿಸಬಾರದ ನಳಿಕೆ

ಫ್ಲೋರಿಸ್‌ನ ಮೇಲ್ದುಟಿಗೆ ಸೇಬಿನ ಕೇಕಿನ ಚೂರೊಂದು ಅಂಟಿದೆ, ನಾನೇ ಬೇಯಿಸಿದ ಕೇಕು, ನಮ್ಮಲ್ಲಿ ಹುಟ್ಟುಹಬ್ಬ ಯಾರದೋ ಅವರೇ ತರಬೇಕಲ್ಲ, ತಂದಿದ್ದೇನೆ, ಐವತ್ತೆರಡು ತುಂಬಿತು, ಆ ಚೂರಿನ ಕೆಳಗೆ ಬಾಯಿ ಆಡುತ್ತಿದೆ, ಬೇಜಾರ್ ಮಾಡ್ಕೋಬೇಡಿ ಯೆಲ್ಟ್ಯೆ, ನಿಮ್ಮ ತಟ್ಟೆಗಳಿಗೆ ಬೇರೆ ಯಾವ್ದೋ ಬ್ಯಾಕ್ಟೀರಿಯಾ ಸೇರ್ಕೊಂಡಿದೆ, ಕೈ ಸರಿಯಾಗಿ ತೊಳ್ದಿಲ್ಲ ಅನ್ಸತ್ತೆ — ಕೈ! ಹತ್ತೊಂಬತ್ತು ವರ್ಷ ಈ ಪ್ರಯೋಗಾಲಯದಲ್ಲಿ ಸವೆದ ಕೈ, ಇವನು ಶಾಲೆಯಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾಗಲೇ ಜ್ವಾಲೆಯ ಮುಂದೆ ಕೂತಿದ್ದ ಕೈ, ಬ್ಯಾಕ್ಟೀರಿಯಾ ಬೆಳೆಸಲು ಇಪ್ಪತ್ತೊಂದು ತಟ್ಟೆ ಹಾಕಿದೆನಲ್ಲ, ಇಪ್ಪತ್ತೊಂದರಲ್ಲೂ ಒಂದೇ ತಪ್ಪೇ? ಆಲೂಗಡ್ಡೆಯ ಕಾಂಡವನ್ನು ಕಪ್ಪಗೆ ಕೊಳೆಸುವ ಬ್ಯಾಕ್ಟೀರಿಯಾ, ಅದರ ಒಂದು ಜೀನ್ ಕಿತ್ತಿದ್ದೇವೆ, ಆ ಜೀನ್ ಹೋದರೆ ಅದು ಈಜಲಾರದು, ಈಜದ್ದು ಕೊಳೆಸಲಾರದು, ಇದು ಫ್ಲೋರಿಸ್‌ನ ಪ್ರಬಂಧ, ಚೆಂದವಾಗಿದೆ, ಸುಳ್ಳು, ನನ್ನ ತಟ್ಟೆಗಳ ಮೆತ್ತನೆ ಜೆಲ್ಲಿಯಲ್ಲಿ ಅದು ಈಜಿ ಈಜಿ ಅಂಗೈಯಗಲ ಉಂಗುರ ಬಿಟ್ಟಿದೆ, ಅದನ್ನೇ ಹಚ್ಚಿಟ್ಟ ಆಲೂಗಡ್ಡೆಯ ಬಿಲ್ಲೆಗಳು ಮಾತ್ರ ಬೆಳ್ಳಗೆ, ಗಟ್ಟಿಗೆ, ಅಂದರೆ ಈಜುತ್ತದೆ, ಕೊಳೆಸುವುದಿಲ್ಲ, ಎರಡೂ ಬೇರೆ — ಬೆಳಿಗ್ಗೆ ನೋಡಿದೆನಲ್ಲ ಇವನನ್ನು, ನಳಿಕೆಯನ್ನು ಅಲುಗಾಡಿಸುವ ಯಂತ್ರಕ್ಕೆ ಒತ್ತಿ ಹಿಡಿದಿದ್ದ, ಗಿರಗಿರ, ಪೂರ್ತಿ ವೇಗ, ಅವು ಈಜುವ ಬಾಲ ಕೂದಲಿಗಿಂತ ಎಷ್ಟೋ ಪಟ್ಟು ತೆಳು, ಮುರಿಯದೆ ಇನ್ನೇನು, ಫ್ಲೋರಿಸ್ ಅಲುಗಾಡಿಸ್ಬೇಡ, ಬಾಲ ಮುರಿಯತ್ತೆ ಅಂದೆ, ನಕ್ಕ, ಅಜ್ಜಿ ಮದ್ದು ಬೇಡ ಯೆಲ್ಟ್ಯೆ ಅಂದ, ಹುಟ್ಟು ಮುರಿದು ಹಾಕಿ ದೋಣಿ ಹೋಗುತ್ತಿಲ್ಲ ಎಂದು ಬರೆದುಕೊಂಡ.

ಮುಖ್ಯಸ್ಥ ಬೇರೆಂಡ್ ಎರಡನೇ ತುಂಡಿಗೆ ಕೈ ಹಾಕುತ್ತ ಹೇಳುತ್ತಾನೆ, ಪ್ರಬಂಧ ನಾಲ್ಕು ಗಂಟೆಗೆ ಹೋಗ್ಬೇಕು, ಯೆಲ್ಟ್ಯೆ ತಟ್ಟೆಗಳನ್ನ ಬಿಟ್ಬಿಡೋಣ, ಮತ್ತೆ ಯೆಲ್ಟ್ಯೆ, ಸೋಮವಾರ ಹೊಸಬರಿಗೆ ಶುಚಿತ್ವದ ಪಾಠ ಇದೆ, ನೀನೂ ಕೂತ್ಕೊ — ಚಾಕು ಮೇಜಿನ ಮೇಲಿಟ್ಟೆ, ಸದ್ದಾಯಿತು, ಆಗಲಿ, ಬೇರೆಂಡ್ ಬಾ ಅಂದೆ, ಎಲ್ಲಿಗೆ, ಬಾ, ಕೇಕು ಬಾಗಿಲಾಚೆ ಇಟ್ಟು ಬಾ, ಕೈ ತೊಳ್ಕೊ, ಇಬ್ಬರೂ ತೊಳ್ಕೊಳ್ಳಿ, ಅದೇ ಬ್ಯಾಕ್ಟೀರಿಯಾದ ಇನ್ನೊಂದು ನಳಿಕೆ, ಫ್ಲೋರಿಸ್ ಮುಟ್ಟದ್ದು, ನಿದ್ದೆ ಹೋದ ಮಗುವನ್ನು ಮಗ್ಗುಲಾಗಿಸುವಂತೆ ಓರೆ ಮಾಡಿದೆ, ಒಂದು ಹನಿ, ಗಾಜು, ಸೂಕ್ಷ್ಮದರ್ಶಕ, ನೋಡು, ಬೇರೆಂಡ್ ನೋಡಿದ, ತುಂಬ ಹೊತ್ತು, ಅವನ ಬೆನ್ನು ಮೊದಲು ನಕ್ಕಿತು, ಅಯ್ಯೋ ಈಜ್ತಿದೆ! ಹಾಗಾದ್ರೆ ಈಜೋಕೂ ಕೊಳೆಸೋಕೂ ಬೇರೆ ಬೇರೆ ಸ್ವಿಚ್ಚು, ಇದು ಇನ್ನೂ ದೊಡ್ಡದು ಮಾರಾಯ, ಭೇಷ್ ಫ್ಲೋರಿಸ್, ಶೀರ್ಷಿಕೆ ಬದಲಾಯ್ಸು — ಫ್ಲೋರಿಸ್! — ಫ್ಲೋರಿಸ್ ಹೇಳುತ್ತಾನೆ, ನಂಗೂ ಒಳಗೊಳಗೇ ಅನುಮಾನ ಇತ್ತು, ಹೇಳುತ್ತಾನೆ, ನಾಚಿಕೆಯಿಲ್ಲದೆ, ಬೇರೆಂಡ್ ನನ್ನ ಭುಜ ತಟ್ಟುತ್ತಾನೆ, ಕೊನೇಲಿ ವಂದನೆ ಹೇಳೋ ಕಡೆ ನಿನ್ನ ಹೆಸರು ಹಾಕ್ತೀವಿ, ಸೋಮವಾರದ ಪಾಠ? ಅಂದೆ, ಅದಕ್ಕೆ ನಿನ್ನ ಹೆಸರು ಕೊಟ್ಟಾಗಿದೆ, ಸುಮ್ನೆ ಹೋಗಿ ಬಂದ್ಬಿಡು, ಹೋಗುತ್ತಿದ್ದಾರೆ, ಮಾತಾಡುತ್ತ ಹೋಗುತ್ತಿದ್ದಾರೆ, ಇದು ನನ್ನದು ಎಂದು ಈಗಲೇ ಕೂಗಬೇಕು, ಬಾಗಿಲು ಮುಚ್ಚುವ ಮೊದಲು, ಬಾಯಿ ತೆರೆದಿದ್ದೇನೆ, ಆದರೆ ಕಣ್ಣು ಯಾವಾಗ ಸೂಕ್ಷ್ಮದರ್ಶಕಕ್ಕೆ ಬಗ್ಗಿತೋ ಗೊತ್ತಿಲ್ಲ, ಬೆಳಕಿನ ನಡುವೆ ಒಂದೇ ಒಂದು ಕಪ್ಪು ಕಡ್ಡಿ, ನೆಟ್ಟಗೆ ಹೋಗುತ್ತದೆ, ನಿಲ್ಲುತ್ತದೆ, ಪಲ್ಟಿ ಹೊಡೆಯುತ್ತದೆ, ನೆಟ್ಟಗೆ ಹೋಗುತ್ತದೆ, ನಿಲ್ಲುತ್ತದೆ, ಪಲ್ಟಿ, ನಿಲ್ಲುತ್ತದೆ