ಬೀಗರಿಗೆ ಬಡಿಸದ ಸೊಪ್ಪು

ನೆಜ್ದೆತ್‌ನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗುತ್ತಿರಲಿಲ್ಲ. ಬಂದರಿನಲ್ಲಿ ದೋಣಿಗಳ ಇಂಜಿನ್ ರಿಪೇರಿ ಮಾಡುವವನು, ಒಂದು ನಟ್ಟು ಸಡಿಲವಾಗದೆ ಸತಾಯಿಸಿದರೂ ಅದರ ವಂಶವನ್ನೆಲ್ಲ ಜಾಲಾಡಿಬಿಡುತ್ತಿದ್ದ. ಆ ಸಂಜೆಯಂತೂ ಕಾರಣಗಳು ತಾವಾಗಿಯೇ ಒಂದರ ಹಿಂದೊಂದು ಬಂದು ಅವನ ಕಾಲಿಗೆ ತೊಡರಿಕೊಂಡವು.

ಮೊದಲನೆಯದು ಮೇಜು. ಶಾಬಾನನ ಹೋಟೆಲಿನಲ್ಲಿ ಹಿಪ್ಪುನೇರಳೆ ಮರದ ಕೆಳಗೆ, ಅಲೆ ಬಂದರೆ ಚಪ್ಪಲಿ ಒದ್ದೆಯಾಗುವಷ್ಟು ಹತ್ತಿರ ಒಂದು ಮೇಜಿದೆ. ತನ್ನ ಮದುವೆಯ ಮಾತು ಮುಗಿದಾಗ ನೆಜ್ದೆತ್ ಊಟ ಮಾಡಿದ್ದು ಅಲ್ಲಿ, ಮಗಳು ಇಪೆಕ್ ಹುಟ್ಟಿದಾಗ ಸ್ನೇಹಿತರಿಗೆ ಮೀನು ತಿನ್ನಿಸಿದ್ದೂ ಅಲ್ಲೇ. ಇವತ್ತು ಅದೇ ಇಪೆಕ್‌ಳನ್ನು ಕೇಳಲು ದೂರದ ಆಂಟೆಪ್‌ನಿಂದ ಹುಡುಗನ ಅಪ್ಪ ಅಮ್ಮ ಬಂದಿದ್ದರು. ಬಂದು ನೋಡಿದರೆ ಆ ಮೇಜಿನ ಸುತ್ತ ಬಿಸಿಲಿಗೆ ಕೆಂಪಾದ ಪರದೇಶದವರ ದಂಡು.

"ಏನೋ ಇದು ಶಾಬಾನ್? ಹೋದ ವಾರಾನೇ ಹೇಳಿದ್ನಲ್ಲೋ!"

"ಮೆತ್ತಗೆ ಮಾತಾಡೋ ಮಾರಾಯ," ಎಂದು ಶಾಬಾನ್ ಅವನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. "ವಿಹಾರದ ದೋಣಿಯವರು. ನೇರವಾಗಿ ಬಂದು ಕೂತ್ಬಿಟ್ರು. ಕೂತವರನ್ನ ಎಬ್ಬಿಸೋಕಾಗುತ್ತಾ? ನಿನಗೆ ಒಳಗೆ ಫ್ಯಾನ್ ಕೆಳಗೆ ಹಾಕ್ಸಿದೀನಿ. ಒಳ್ಳೇ ಗಾಳಿ."

"ಗಾಳಿ ತಿನ್ನೋಕೆ ಬಂದಿದೀವಾ ನಾವು?"

ಒಳಗಿನ ಮೇಜು ಅಡುಗೆಮನೆ ಬಾಗಿಲಿಗೆ ಅಂಟಿಕೊಂಡಿತ್ತು. ಅಲ್ಲಿಂದ ಸಮುದ್ರ ಕಾಣಬೇಕಾದರೆ ಪರದೇಶದವರ ಎರಡು ಬೆನ್ನುಗಳ ನಡುವೆ ಇಣುಕಬೇಕು. ಹುಡುಗ ಹುಡುಗಿಯೂ ಸೇರಿ ಎರಡು ಮನೆಯ ಆರೂ ಜನ ಅಲ್ಲೇ ಕೂತರು. ಹುಡುಗನ ಅಪ್ಪ ಮೆಮಿಕ್, ಆಂಟೆಪ್‌ನ ಪಿಸ್ತಾ ವ್ಯಾಪಾರಿ, ದೊಡ್ಡ ಮೀಸೆಯ ಆಳು, ಕುರ್ಚಿಯಲ್ಲಿ ಕೂತು "ಭಾಳ ಚಲೋ ಜಾಗಾ ಐತ್ರಿ" ಎಂದರು. ಅವರ ಹೆಂಡತಿ ಜೆಲಿಹಾ ತಲೆವಸ್ತ್ರ ಸರಿಮಾಡಿಕೊಂಡು ತಲೆದೂಗಿದರು. ಅವರು ಹೊಗಳಿದಷ್ಟೂ ನೆಜ್ದೆತ್‌ನ ಕಿವಿ ಬಿಸಿಯಾಯಿತು.

"ಅದಕ್ಕೇನಂತೆ..." ಎಂದು ಶುರುಮಾಡಿ, ನಾಲಗೆಯ ತುದಿಗೆ ಬಂದಿದ್ದ "ಬೀಗರೇ" ಎಂಬುದನ್ನು ಅವನು ನುಂಗಿಕೊಂಡ. ಇನ್ನೂ ಅನ್ನುವಂತಿರಲಿಲ್ಲ. ಇಲ್ಲಿ ಊಟ ಮುಗಿಸಿ ಮನೆಗೆ ಹೋಗಬೇಕು, ಇಪೆಕ್ ಕಾಫಿ ಮಾಡಿ ತರಬೇಕು, ಆಮೇಲೆ ಹುಡುಗನ ಅಪ್ಪ ಬಾಯಿ ತೆರೆದು, ದೇವರ ಆಜ್ಞೆ, ಪ್ರವಾದಿಯ ಮಾತು ಎಂದು ಹುಡುಗಿಯನ್ನು ಕೇಳಬೇಕು. ಅಲ್ಲಿಯವರೆಗೆ ಇವರು ಬರೀ ಮೆಮಿಕ್ ಮತ್ತು ಜೆಲಿಹಾ. ಊಟ ಕೆಟ್ಟರೆ ಆ ಮಾತು ಗಂಟಲಲ್ಲೇ ಉಳಿದು, ನಾಳೆ ಬೆಳಿಗ್ಗೆ ಇವರು ಆಂಟೆಪ್ ಬಸ್ಸು ಹತ್ತಿ ಹೋಗಿಬಿಡಬಹುದು. ಮಗಳಿಗೆ ಆ ಹುಡುಗ ಯಾವುಜ್ ಎಂದರೆ ಪ್ರಾಣ. ಒಂದೇ ಶಾಲೆಯಲ್ಲಿ ಪಾಠ ಮಾಡುತ್ತಾ ಎರಡು ವರ್ಷ ಒಬ್ಬರನ್ನೊಬ್ಬರು ಅಳೆದು ತೂಗಿ ಒಪ್ಪಿಕೊಂಡವರು.

ಎರಡನೆಯ ಕಾರಣ, ಹೊಸ ಮಾಣಿ. ಎಲ್ಲಿಂದಲೋ ಸೀಸನ್ನಿಗೆ ಬಂದವನು, ಬಣ್ಣದ ಫೋಟೋಗಳ ಮೆನು ಬಿಚ್ಚಿ ನೆಜ್ದೆತ್‌ನ ಮುಂದಿಟ್ಟು "ವೆಲ್ಕಮ್ ಸರ್" ಎಂದು ಇಂಗ್ಲಿಷಿನಲ್ಲಿ ಶುರುಮಾಡಿದ.

"ನಾನು ಇದೇ ಊರವನು ಕಣಯ್ಯಾ! ಈ ಮೇಜು ಬಂದಿದ್ದಕ್ಕಿಂತ ಮುಂಚಿನವನು!"

"ಸಾರಿ ಸರ್," ಎಂದ ಮಾಣಿ, ಅದನ್ನೂ ಇಂಗ್ಲಿಷಿನಲ್ಲೇ. ಯಾವುಜ್ ನಗು ತಡೆಯಲು ನೀರು ಕುಡಿದ.

ಮೂರನೆಯ ಕಾರಣವನ್ನು ಮಾತ್ರ ನೆಜ್ದೆತ್ ಸ್ವಂತ ಕೈಯಾರೆ ತಯಾರಿಸಿದ್ದ.

ಬೀಗರಾಗುವವರು ಬರುತ್ತಾರೆಂದು ಗೊತ್ತಾದಾಗ ಬಂದರಿನ ಗೆಳೆಯರು ಅವನ ತಲೆ ತಿಂದಿದ್ದರು. "ಆಂಟೆಪ್‌ನವರಾ? ಮಾಂಸ ಇಲ್ಲದ್ದು ಅವರಿಗೆ ಊಟಾನೇ ಅಲ್ಲ. ನಿಮ್ಮ ಸೊಪ್ಪು ಸದೆ ಮುಂದಿಟ್ರೆ, ನಾವೇನು ದನಾನಾ ಅಂತ ಎದ್ದು ಹೋಗ್ತಾರೆ!" ಮತ್ತೊಬ್ಬ ಹಳೇ ಚುಚ್ಚುಮಾತನ್ನು ಹೊರತೆಗೆದ. ಹೊಲಕ್ಕೆ ಹಸುವೂ ನುಗ್ಗಿದೆ, ಕ್ರೀಟ್‌ನವನೂ ನುಗ್ಗಿದ್ದಾನೆ, ಮೊದಲು ಕ್ರೀಟ್‌ನವನನ್ನ ಓಡ್ಸಿ, ಇಲ್ಲಾಂದ್ರೆ ಹಸುವಿಗೆ ಏನೂ ಉಳಿಯಲ್ಲ ಅಂತ. ಎಲ್ಲರೂ ನಕ್ಕರು. ನೆಜ್ದೆತ್‌ನ ಅಜ್ಜಿ ಕ್ರೀಟ್ ದ್ವೀಪದಿಂದ ಹಡಗಿನಲ್ಲಿ ಬಂದವಳು. ಈ ಮಾತನ್ನು ಅವನು ಶಾಲೆಯಲ್ಲೂ ಕೇಳಿದ್ದ, ಬುತ್ತಿಯ ಡಬ್ಬಿಯನ್ನು ಡೆಸ್ಕಿನ ಕೆಳಗೆ ಮರೆಮಾಡಿ ತಿಂದಿದ್ದ. ಅಮ್ಮ ಡಬ್ಬಿಗೆ ತುಂಬುತ್ತಿದ್ದದ್ದು ಕಡಲ ಅಲಸಂದೆ: ಉಪ್ಪುನೀರಿನ ಜೌಗಿನಲ್ಲಿ ಬೆಳೆಯುವ ಹಸಿರು ಕಡ್ಡಿ. ಬೇಯಿಸಿ, ಒಳಗಿನ ನಾರು ಎಳೆದು ತೆಗೆದು, ಬೆಳ್ಳುಳ್ಳಿ, ನಿಂಬೆಹುಳಿ, ಆಲಿವ್ ಎಣ್ಣೆ ಹಾಕಿ ಕಲೆಸಿದ್ದು.

ನಿನ್ನೆ ಅವನ ಹೆಂಡತಿ ಸೆವಿಂಚ್ ಅದನ್ನೇ ಅತ್ತೆಯ ಕಾಲದ ದೊಡ್ಡ ಬೋಗುಣಿ ತುಂಬ ಮಾಡಿಟ್ಟಿದ್ದಳು. ನೆಜ್ದೆತ್ ಅದನ್ನು ಫ್ರಿಜ್ಜಿನ ಹಿಂದಕ್ಕೆ ತಳ್ಳಿ, ಮುಂದೆ ಕಲ್ಲಂಗಡಿ ಹಣ್ಣು ಅಡ್ಡ ಇಟ್ಟ.

"ನಿಮ್ಮಮ್ಮ ಮಾಡ್ತಿದ್ದ ಹಾಗೇ ಮಾಡಿದೀನಿ," ಎಂದಳು ಸೆವಿಂಚ್. "ಬಚ್ಚಿಡೋಕೆ ಇದೇನು ಕದ್ದ ಮಾಲಾ?"

"ನಿನಗೆ ಗೊತ್ತಾಗಲ್ಲ ಸುಮ್ನಿರು. ಮಗಳ ಬಾಳಿನ ಪ್ರಶ್ನೆ."

ಆಮೇಲೆ ಶಾಬಾನನಿಗೆ ಫೋನು ಮಾಡಿ, ಮೇಜಿನ ಮೇಲೆ ಒಂದೇ ಒಂದು ಎಲೆಯೂ ಕಾಣಬಾರದು, ಕಬಾಬು ಬೇಕು ಎಂದಿದ್ದ. "ಸಮುದ್ರದ ದಂಡೇಲಿ ಕಬಾಬಾ?" ಎಂದು ಶಾಬಾನ್ ಬಾಯಿ ಬಿಟ್ಟಿದ್ದ. "ನಮ್ಮ ಅಡುಗೆಯವನು ಮೀನು ಸುಡೋನು ಕಣೋ." ಸುಡೋದು ಸುಡೋದೇ ತಾನೇ ಎಂದು ನೆಜ್ದೆತ್ ಫೋನು ಕುಕ್ಕಿದ್ದ.

ಈಗ ಅದು ಬಂತು. ಉದ್ದನೆಯ ತಟ್ಟೆಯಲ್ಲಿ ಬೆರಳುದ್ದದ ಕಂದು ತುಂಡುಗಳು, ಸುತ್ತಲೂ ಕರಿದ ಆಲೂಗಡ್ಡೆ. ಮೆಮಿಕ್ ಒಂದು ತುಂಡು ಬಾಯಿಗಿಟ್ಟರು. ಅಗಿದರು. ಇನ್ನೂ ಅಗಿದರು. ಮೀಸೆ ಮೇಲೆ ಕೆಳಗೆ ಆಡುತ್ತಲೇ ಇತ್ತು, ತುಂಡು ಮಾತ್ರ ಗಂಟಲಿಗಿಳಿಯುವ ಲಕ್ಷಣ ಕಾಣಲಿಲ್ಲ.

"ಮಾಡಿದವರ ಕೈ ತಣ್ಣಗಿರ್ಲಿ," ಎಂದರು ಕೊನೆಗೆ, ನೀರು ಕುಡಿದು. "ಚಲೋ ಆಗೇತ್ರಿ."

ಎರಡನೆಯ ತುಂಡಿಗೆ ಮುಂಚೆ ಅವರ ಕೈ ಕೋಟಿನ ಜೇಬಿಗೆ ಹೋಯಿತು. ಜೆಲಿಹಾ ಮೇಜಿನ ಕೆಳಗಿಂದ ಚಿವುಟಿದ್ದು ನೆಜ್ದೆತ್‌ನಿಗೆ ಸ್ಪಷ್ಟವಾಗಿ ಕಾಣಿಸಿತು. ಕೈ ಬರಿದಾಗಿ ಹಿಂದೆ ಬಂತು. ಬಸ್ಸಿನ ಟಿಕೆಟ್ಟು ಬದಲಾಯಿಸಲು ಫೋನು ತೆಗೆಯುತ್ತಿದ್ದರೇನೋ!

ಮಾಣಿ ಟ್ರೇ ಹೊತ್ತು ಅಡುಗೆಮನೆಯಿಂದ ಹೊರಗೆ ಓಡಾಡುತ್ತಲೇ ಇದ್ದ. ಅನ್ನ ತುಂಬಿದ ಕುಂಬಳದ ಹೂವು, ಮೊಸರಿನ ಗೋಣಿಸೊಪ್ಪು, ಎಣ್ಣೆಯಲ್ಲಿ ಮಿರುಗುವ ಕಡಲ ಅಲಸಂದೆ, ಎಲ್ಲ ಅವರ ಮೇಜನ್ನು ಸವರಿಕೊಂಡೇ ಪರದೇಶದವರ ಬಳಿಗೆ ಹೋದವು. ಪ್ರತಿ ಸಲವೂ ಜೆಲಿಹಾ ಅವರ ಕತ್ತು ಟ್ರೇಯ ಜೊತೆಗೇ ತಿರುಗುತ್ತಿತ್ತು. ನೋಡ್ತಿದಾಳೆ, ನಮ್ಮ ಹುಲ್ಲು ನೋಡ್ತಿದಾಳೆ ಎಂದು ನೆಜ್ದೆತ್ ಹಲ್ಲು ಕಡಿದ. ಅಲ್ಲಿ ಒಬ್ಬ ಗಂಡಸು ಅಲಸಂದೆಯ ಕಡ್ಡಿಯೊಂದನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದ.

ಜೆಲಿಹಾ ಗಂಡನ ಕಡೆ ವಾಲಿ ಪಿಸುಗುಟ್ಟಿದರು. "ನೋಡ್ರಿ ಅಲ್ಲೆ, ಆ ಹಸರು ಸೊಪ್ಪು..."

"ಸುಮ್ಮನಿರ ನೀ," ಎಂದರು ಮೆಮಿಕ್.

ಅಷ್ಟೇ ಸಾಕಾಯಿತು.

"ಹೌದ್ರೀ, ಸೊಪ್ಪೇ!" ನೆಜ್ದೆತ್ ಎದ್ದು ನಿಂತೇಬಿಟ್ಟ. ಕುರ್ಚಿ ಹಿಂದಕ್ಕೆ ಬಿತ್ತು. "ನಾವು ಸೊಪ್ಪು ತಿನ್ನೋ ಜನಾನೇ! ನಮ್ಮಜ್ಜಿ ಹಡಗಿಂದ ಇಳಿದಾಗ ಕೈಲಿ ಏನೂ ಇರಲಿಲ್ಲ. ಈ ದಂಡೇಲಿ ಬೆಳೆದಿದ್ದನ್ನೇ ಕಿತ್ತು ಬೇಯಿಸಿ ಐದು ಮಕ್ಕಳನ್ನ ಸಾಕಿದ್ಲು. ನಗೋದಿದ್ರೆ ಪಿಸಪಿಸ ಯಾಕೆ? ಎದುರಿಗೇ ನಕ್ಬಿಡಿ!"

ಹೊರಗೆ ಫೋಟೋ ತೆಗೆಸಿಕೊಳ್ಳುತ್ತಿದ್ದವನೂ ಕಡ್ಡಿ ಹಿಡಿದಲ್ಲೇ ತಿರುಗಿ ನೋಡಿದ. ಇಪೆಕ್‌ಳ ಕಣ್ಣು ತುಂಬಿಕೊಂಡಿತು. ಸೆವಿಂಚ್ "ರೀ, ಕೂತ್ಕೊಳ್ರೀ" ಎಂದಳು, ಆದರೆ ಕೂರಬೇಕಾದ ಕುರ್ಚಿಯೇ ಬಿದ್ದಿತ್ತು.

ಜೆಲಿಹಾ ಫೋರ್ಕನ್ನು ನಿಧಾನವಾಗಿ ತಟ್ಟೆಯ ಪಕ್ಕಕ್ಕಿಟ್ಟರು.

"ಯಾರು ನಕ್ಕರು ಅಣ್ಣಾರ?" ಎಂದರು. "ನಮ್ಮ ಯಾವುಜ್ ಫೋನ್ ಮಾಡಿದಾಗೆಲ್ಲ ಒಂದ ಮಾತು. ಇಪೆಕ್‌ನ ಅವ್ವ ಕಡಲ ಅಲಸಂದಿ ಮಾಡ್ತಾರ, ಬಳ್ಳೊಳ್ಳಿ ಹಾಕಿ, ನೀ ಒಮ್ಮೆ ತಿಂದ್ ನೋಡಬೇಕಬೇ ಅಂತ. ಇಲ್ಲಿ ಬಂದ್ ಕುಂತಾಗಿಂದ ಕಾಯಾಕತ್ತೀನಿ. ಈಗ ಬರ್ತೈತಿ, ಆಗ ಬರ್ತೈತಿ. ಎಲ್ಲಾ ಆ ಪರದೇಶದವ್ರ ಮುಂದ ಹೋತು. ನಮ್ಮ ಮುಂದ ಇದನ್ನ ಇಟ್ರಿ." ಅವರು ಕಬಾಬಿನ ಕಡೆ ನೋಡಲೂ ಇಲ್ಲ. "ನಮ್ಮನ್ನ ಹೊರಗಿನವ್ರು ಅಂತ ತಿಳಕೊಂಡಾರ, ಮಗಳ್ನ ಕೊಡೂ ಮನಸಿಲ್ಲ ಅಂತ ನಾ ಅನ್ಕೊಂಡೆ."

ನೆಜ್ದೆತ್ ಇಂಗು ತಿಂದ ಮಂಗನಂತೆ ನಿಂತ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದ. "ಶಾಬಾನ್! ಒಂದು ತಟ್ಟೆ ಕಡಲ ಅಲಸಂದೆ! ಈಗಲೇ!"

ಶಾಬಾನ್ ಕೈ ಒರೆಸುತ್ತಾ ಬಾಗಿಲಿಗೆ ಬಂದ. "ಎಲ್ಲಿಂದ ತರ್ಲಿ? ಕೊನೇ ತಟ್ಟೆ ಆ ಮೇಜಿಗೆ ಹೋಯ್ತು. ಒಂದೆಲೆನೂ ಕಣ್ಣಿಗೆ ಬೀಳಬಾರದು ಅಂತ ಹಟ ಹಿಡಿದಿದ್ದು ನೀನೇ ಅಲ್ವೇನೋ?"

ಆ ಕ್ಷಣಕ್ಕೆ ಶಾಬಾನನನ್ನು ಎತ್ತಿ ಸಮುದ್ರಕ್ಕೆ ಎಸೆಯಬೇಕೆನಿಸಿತು ನೆಜ್ದೆತ್‌ನಿಗೆ.

"ನೀವ ಹೇಳಿದ್ರೇನು?" ಎಂದರು ಮೆಮಿಕ್.

"ಮಾಂಸ ಬಿಟ್ಟು ನೀವು ಬೇರೇನೂ ಮುಟ್ಟಲ್ಲ ಅಂದ್ರು," ಎಂದ ನೆಜ್ದೆತ್. ದನಿ ತನ್ನದಲ್ಲವೇನೋ ಎಂಬಷ್ಟು ಸಣ್ಣದಾಗಿತ್ತು. "ಅದಕ್ಕೇ..."

"ಹಂಗಾದ್ರ ಈ ಕಬಾಬು ನಮ್ಮ ಸಲುವಾಗಿ ಮಾಡಿಸಿದ್ದು?"

"ಹೂಂ."

ಮೆಮಿಕ್ ತಟ್ಟೆಯನ್ನು ಬಹಳ ಹೊತ್ತು ನೋಡಿದರು. "ನಿಮ್ಮ ಮನಸು ದೊಡ್ಡದ್ರಿ. ಆದ್ರ ಸಿಟ್ಟಾಗಬ್ಯಾಡ್ರಿ, ಇದನ್ನ ನಮ್ಮೂರಾಗ ಇಟ್ಟಿದ್ರ ಬೆಕ್ಕೂ ಮೂಸ್ತಿರಲಿಲ್ಲ."

ಮೊದಲು ನಕ್ಕಿದ್ದು ಸೆವಿಂಚ್. ಆಮೇಲೆ ಜೆಲಿಹಾ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. "ನಡೀರಿ ಅಕ್ಕಾ ಮನೆಗೆ," ಎಂದು ಸೆವಿಂಚ್ ಅವರ ಕೈ ಹಿಡಿದು ಎಬ್ಬಿಸಿದಳು. "ಬೋಗುಣಿ ತುಂಬ ಮಾಡಿದೀನಿ. ಇವರು ಕಲ್ಲಂಗಡಿ ಹಿಂದೆ ಅಡಗಿಸಿಟ್ಟಿದಾರೆ, ಅಷ್ಟೇ."

ದಂಡೆಯುದ್ದಕ್ಕೂ ಹೆಂಗಸರು ತೋಳಿಗೆ ತೋಳು ಸೇರಿಸಿ ಮುಂದೆ ನಡೆದರು. ನೆಜ್ದೆತ್ ಹಿಂದೆ ಉಳಿದ. ಅವನಿಗೆ ನಗು ಬರಲಿಲ್ಲ. ಶಾಬಾನನ ಮೇಲೆ, ಮಾಣಿಯ ಮೇಲೆ, ಬಂದರಿನ ಗೆಳೆಯರ ಮೇಲೆ ಸಿಟ್ಟಿತ್ತು. ಎಲ್ಲಕ್ಕಿಂತ ತನ್ನ ಮೇಲೆ ಇತ್ತು. ಅಮ್ಮ ಬಿಸಿಲಲ್ಲಿ ಮಂಡಿ ಮಡಚಿ ಜೌಗಿನಲ್ಲಿ ಕಿತ್ತು ತಂದದ್ದನ್ನು ಹುಡುಗನಾಗಿದ್ದಾಗ ಡೆಸ್ಕಿನ ಕೆಳಗೆ ಮುಚ್ಚಿಟ್ಟ. ತಲೆ ನರೆತ ಮೇಲೂ ಅದನ್ನೇ ಮುಚ್ಚಿಟ್ಟ.

ಮನೆಯಲ್ಲಿ ಇಪೆಕ್ ಕಾಫಿಗೆ ನೀರಿಟ್ಟಳು. ಸೆವಿಂಚ್ ಬೋಗುಣಿ ತಂದು ಮೇಜಿನ ಮೇಲಿಟ್ಟಾಗ ಎಣ್ಣೆ ತಣ್ಣಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. "ಸ್ವಲ್ಪ ಹೊತ್ತು ಹೊರಗಿಟ್ರೆ ಕರಗುತ್ತೆ," ಎಂದಳು. ಜೆಲಿಹಾ ಅಲ್ಲಿಯವರೆಗೆ ಕಾಯಲಿಲ್ಲ. ರೊಟ್ಟಿ ಮುರಿದು, ಅದರಿಂದಲೇ ಒಂದು ಹಿಡಿ ಬಾಚಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಇನ್ನೊಂದು ತುಂಡು ರೊಟ್ಟಿ ಮುರಿದರು.

ಮೆಮಿಕ್ ಒಂದು ಬಾಯಿ ತಿಂದು ಯೋಚನೆ ಮಾಡಿದರು. ಆಮೇಲೆ ಅವರ ಕೈ ಮತ್ತೆ ಕೋಟಿನ ಜೇಬಿಗೆ ಹೋಯಿತು. ಈ ಸಲ ಯಾರೂ ಚಿವುಟಲಿಲ್ಲ. ಹೊರಬಂದದ್ದು ಫೋನಲ್ಲ, ಒಂದು ಕಾಗದದ ಪೊಟ್ಟಣ. ಬಿಚ್ಚಿದರೆ ಆಂಟೆಪ್‌ನ ಕಡುಗೆಂಪು ಮೆಣಸಿನಪುಡಿ.

"ಇದಿಲ್ದ ನಾ ಎಲ್ಲೂ ಹೋಗಾಂಗಿಲ್ರಿ," ಎಂದವರೇ ಬೋಗುಣಿಯ ಮೇಲೆ ಧಾರಾಳವಾಗಿ ಉದುರಿಸಿದರು.

ನೆಜ್ದೆತ್ ನೋಡುತ್ತಲೇ ಇದ್ದ. ಬೆಳ್ಳುಳ್ಳಿ, ನಿಂಬೆ, ಎಣ್ಣೆ. ಇವು ಮೂರು ಬಿಟ್ಟು ಅದಕ್ಕೆ ಮತ್ತೇನೂ ಸೋಕಬಾರದು. ಅವನು ಒಂದು ಹನಿ ನಿಂಬೆ ಜಾಸ್ತಿ ಹಿಂಡಿದರೂ ಅಮ್ಮ ಕೈಗೆ ಹೊಡೆಯುತ್ತಿದ್ದಳು. ಹಸಿರೆಲ್ಲ ಕೆಂಪಾಯಿತು. ಮೈಯೆಲ್ಲ ಉರಿದು, ನಾಲಗೆ ತುರಿಸತೊಡಗಿತು. ಬೈದರೆ ಎಷ್ಟು ಹಿತವಾಗಿರುತ್ತಿತ್ತು! ಸೆವಿಂಚ್ ಮೇಜಿನಾಚೆಯಿಂದ ಅವನನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಮೆಮಿಕ್ ಇನ್ನೊಂದು ತುತ್ತು ತಿಂದರು. ಮುಖ ಅರಳಿತು. ಬಾಯಲ್ಲಿ ಅಗಿಯುವುದು ಇದ್ದಂತೆಯೇ, ಕಾಫಿ ಬರುವುದನ್ನೂ ಕಾಯದೆ, ಮೀಸೆಯ ಎಣ್ಣೆ ಒರೆಸಿಕೊಂಡು ಎದ್ದು ನಿಂತರು.

"ನೆಜ್ದೆತ್ ಅವ್ರ, ದೇವರ ಆಜ್ಞಾ, ಪ್ರವಾದಿ ಮಾತಿನ ಪ್ರಕಾರ, ನಿಮ್ಮ ಮಗಳು ಇಪೆಕ್‌ನ ನಮ್ಮ ಮಗ ಯಾವುಜ್‌ಗ ಕೇಳಾಕತ್ತೀವಿ."

ಇಪೆಕ್ ಕಾಫಿಯ ಪಾತ್ರೆ ಮರೆತು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವಳ ಹಿಂದೆ ಕಾಫಿ ಉಕ್ಕಿ ಒಲೆಯ ಮೇಲೆಲ್ಲ ಚೊಯ್ಯೆಂದಿತು. ಎಲ್ಲರ ಕಣ್ಣೂ ನೆಜ್ದೆತ್‌ನ ಮೇಲಿತ್ತು.

ಅವನು ಒಂದು ತುಂಡು ರೊಟ್ಟಿ ಮುರಿದು, ಅಮ್ಮನ ಬೋಗುಣಿಯನ್ನು ತನ್ನ ಕಡೆಗೆ ಎಳೆದುಕೊಂಡ. ಆಮೇಲೆ ಪೊಟ್ಟಣದ ಕಡೆ ಕೈ ಚಾಚಿದ.

"ಬೀಗರೇ, ಆ ಪುಡಿ ಸ್ವಲ್ಪ ಈ ಕಡೆ ಕೊಡಿ."