ಹೆಬ್ಬೆರಳು ಇಳಿಯದ ಟೈರು

ನನ್ನ ಅಕ್ಷರ ದುಂಡಗಿಲ್ಲ, ಪದಗಳೂ ಎಷ್ಟೋ ಕಡೆ ಸರಿಯಾಗಿ ಕೂತಿಲ್ಲ. ಓದುವವರು ದಯವಿಟ್ಟು ಸಹಿಸಿಕೊಳ್ಳಬೇಕು. ಶಾಲೆ ಬಿಟ್ಟ ಮೇಲೆ ನಾನು ಬರೆದದ್ದೆಂದರೆ ದೊಡ್ಡಪ್ಪನ ಸೈಕಲ್ ಅಂಗಡಿಯಲ್ಲಿ ಪಂಕ್ಚರಿಗೆ ಬಂದ ಟ್ಯೂಬುಗಳ ಮೇಲೆ ಸೀಮೆಸುಣ್ಣದಲ್ಲಿ ಹಾಕಿದ ಗುರುತುಗಳಷ್ಟೇ.

ನನ್ನ ದೊಡ್ಡಪ್ಪ ಮನುಷ್ಯರ ಮುಖ ನೋಡುವ ಮೊದಲು ಅವರ ಸೈಕಲ್ಲಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಬೆರಳು ಕೂದಲೆಳೆಯಷ್ಟು ಒಳಗೆ ಇಳಿದರೂ ಸಾಕು, ನಾಲಿಗೆ ಲೊಚಗುಟ್ಟಿ, ಬಂದವರು ಯಾವ ಕೆಲಸಕ್ಕೆ ಬಂದರೆಂದು ಕೇಳುವ ಮೊದಲೇ ಪಂಪನ್ನು ಕಾಲಿನ ನಡುವೆ ನಿಲ್ಲಿಸಿಕೊಳ್ಳುತ್ತಾರೆ. ಅದಕ್ಕೇ ಊರವರು ಅವರಿಗೆ ಕಲ್ಲುಗಾಳಿ ಎಂದು ಹೆಸರಿಟ್ಟಿದ್ದಾರೆ. ಒಮ್ಮೆ ಅಂಚೆಯವರು ಗಾಳಿ ಹಾಕಿಸಿಕೊಂಡು ಹೋದವರು ಬೀದಿ ತಿರುವಿನಿಂದಲೇ ವಾಪಸ್ಸು ಬಂದು, "ಸ್ವಾಮಿ, ಸೈಕಲ್ ಮೇಲೆ ಕೂತ ಹಾಗಿಲ್ಲ, ಬಂಡೆ ಮೇಲೆ ಕೂತ ಹಾಗಿದೆ" ಎಂದರು. ದೊಡ್ಡಪ್ಪ ತಲೆ ಎತ್ತಲಿಲ್ಲ. "ಬಂಡೆ ಪಂಕ್ಚರ್ ಆಗಲ್ಲ. ಅಷ್ಟೇ, ಮುಗೀತು" ಎಂದರು. ಅವರ ಎಲ್ಲ ಮಾತೂ ಹೀಗೇ ಮುಗಿಯುತ್ತದೆ. ಎದುರಿನವರು ಶುರು ಮಾಡುವ ಮೊದಲೇ ಎಷ್ಟೋ ಸಲ ಮುಗಿದುಹೋಗಿರುತ್ತದೆ.

ನಡೆಯುವಾಗ ಅವರ ಇಡೀ ದೇಹ, ತಿರುವಿನಲ್ಲಿ ಬಾಗಿಸಿದ ಸೈಕಲ್ಲಿನ ಹಾಗೆ, ಒಂದು ಕಡೆಗೆ ವಾಲಿರುತ್ತದೆ. ನೆಟ್ಟಗಿನ ಬೀದಿಯಲ್ಲೂ ಅವರು ಸದಾ ಯಾವುದೋ ತಿರುವಿನಲ್ಲೇ ಇರುತ್ತಾರೆ. ಸೆಕೆಗಾಲದಲ್ಲೂ ಬಿಡದ ಬೂದು ಕೋಟಿನ ಮೊಣಕೈ ಹರಿದಾಗ ಅವರು ಹಳೇ ಟ್ಯೂಬಿನ ತುಂಡೊಂದನ್ನು ಉಜ್ಜುಕಾಗದದಲ್ಲಿ ಉಜ್ಜಿ, ಸಲ್ಯೂಷನ್ ಹಚ್ಚಿ, ಪಂಕ್ಚರ್ ಹಾಕಿದಂತೆಯೇ ಅಂಟಿಸಿಕೊಂಡರು. ಹೊಲಿದು ಕೊಡುತ್ತೇನೆಂದು ದೊಡ್ಡಮ್ಮ ಕೈ ಚಾಚಿದರೆ, "ಹೊಲಿಗೆ ಸೋರತ್ತೆ" ಎಂದರು. "ಸೋರೋಕೆ ಕೋಟೊಳಗೇನು ಗಾಳಿ ತುಂಬ್ಕೊಂಡಿದೀರಾ?" ಎಂದು ದೊಡ್ಡಮ್ಮ ಕೇಳಿದಾಗ ನಾನೂ ಅಕ್ಕನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ಆಗ ನಮ್ಮ ಮನೆಯಲ್ಲಿ ಅಂಥ ನಗು ಇತ್ತು.

ಅಕ್ಕ ಎಂದರೆ ದೊಡ್ಡಪ್ಪನ ಒಬ್ಬಳೇ ಮಗಳು. ಊರ ಹಿಂದಿನ ಕಲ್ಲುಗಣಿಯ ಗುಡ್ಡದಿಂದ ಸೈಕಲ್ ಇಳಿಸುವುದರಲ್ಲಿ ಅವಳಿಗೆ ಸಮನಾದವರು ನಮ್ಮ ಕಡೆ ಇಲ್ಲ. ಗಣಿ ನಿಂತುಹೋಗಿ ಬಹಳ ಕಾಲವಾಯಿತು; ಕಲ್ಲು ಸಾಗಿಸುತ್ತಿದ್ದ ದಾರಿ ಈಗ ಬರಿಯ ಚಪ್ಪಡಿ, ಜಲ್ಲಿ, ಮೇಲಿನಿಂದ ಜಿನುಗುವ ನೀರು. ಆ ದಾರಿಯಲ್ಲೇ ಸೈಕಲ್ ತರಬೇತಿ ಕೇಂದ್ರದವರು ವರ್ಷಕ್ಕೊಮ್ಮೆ ಆಯ್ಕೆಯ ಓಟ ನಡೆಸುತ್ತಾರೆ. ಆಯ್ಕೆಯಾದರೆ ಅಲ್ಲೇ ಇದ್ದು ಕಲಿಯಬಹುದು. ಅಕ್ಕನಿಗೆ ಬೇಕಾಗಿದ್ದದ್ದು ಅದೊಂದೇ.

ಕಳೆದ ವರ್ಷದ ಓಟಕ್ಕೆ ದೊಡ್ಡಪ್ಪ ತಾವೇ ಟೈರು ಆರಿಸಿದರು. ಉದ್ದುದ್ದ ಹಲ್ಲಿನ, ಉಗುರಿಗೆ ಜಗ್ಗದಷ್ಟು ಗಟ್ಟಿ ರಬ್ಬರಿನ ಟೈರು. ಅಕ್ಕ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಅಪ್ಪ, ಇದು ಕೆಸರಿಗೆ ಸರಿ. ಒದ್ದೆ ಕಲ್ಲಿಗೆ ರಬ್ಬರ್ ಮೆತ್ತಗಿರ್ಬೇಕು, ಹಲ್ಲು ಗಿಡ್ಡ ಇರ್ಬೇಕು, ಗಾಳೀನೂ ಕಮ್ಮಿ ಇರ್ಬೇಕು."

"ಹಲ್ಲಿದ್ರೆ ತಾನೇ ಕಚ್ಚೋದು?"

"ಮಣ್ಣಾದ್ರೆ ಕಚ್ಚತ್ತೆ. ಕಲ್ಲನ್ನ ಯಾರು ಕಚ್ತಾರಪ್ಪ? ಕಲ್ಲಿಗೆ ಅಂಟ್ಕೋಬೇಕು."

"ನಾನು ಟೈರ್ ಮಾರೋಕೆ ಕೂತಾಗ ನೀನಿನ್ನೂ ಹುಟ್ಟಿರ್ಲಿಲ್ಲ ಕಣೆ. ಅಷ್ಟೇ, ಮುಗೀತು."

ಅಂಗಡಿಯ ಮುಂದೆ ನಿಂತಿದ್ದವರೆಲ್ಲ ನಕ್ಕರು. ದೊಡ್ಡಪ್ಪ ಬೆರಳು ಇಳಿಯದಂತೆ ಗಾಳಿ ತುಂಬಿ, ಕೋಟಿನ ತುದಿಯಿಂದ ಹ್ಯಾಂಡಲ್ ಒರೆಸಿ, ಸೈಕಲ್ಲನ್ನು ತಾವೇ ಗುಡ್ಡದ ಮೇಲಿನವರೆಗೆ ತಳ್ಳಿಕೊಂಡು ಹೋದರು. ಪ್ರೀತಿ ಇರಲಿಲ್ಲವೆಂದು ನಾನು ಹೇಳಲಾರೆ.

ಓಟದ ದಿನ ಸಣ್ಣಗೆ ಮಳೆ ಹಿಡಿದಿತ್ತು. ನಾನು ಕೆಳಗಿನ ದೊಡ್ಡ ಚಪ್ಪಡಿಯ ಪಕ್ಕ ನಿಂತಿದ್ದೆ. ಅಕ್ಕ ಎಲ್ಲರಿಗಿಂತ ಮುಂದೆ ಬಂದಳು. ಚಪ್ಪಡಿಯ ಮೇಲೆ ಬಾಗಿದಾಗ ಮುಂದಿನ ಚಕ್ರ, ಸೋಪು ಜಾರಿದ ಹಾಗೆ, ಸದ್ದಿಲ್ಲದೆ ಅವಳ ಕೆಳಗಿನಿಂದ ಹೋಯಿತು. ಭುಜದ ಮೂಳೆ ಮುರಿಯಿತು. ನಾನು ಅವಳ ಹತ್ತಿರ ಓಡಿದೆ. ದೊಡ್ಡಪ್ಪನೂ ಓಡಿ ಬಂದರು; ಆದರೆ ಅವರು ಮೊದಲು ಬಗ್ಗಿದ್ದು ಸೈಕಲ್ಲಿನ ಬಳಿ. ಹೆಬ್ಬೆರಳಿನಿಂದ ಮುಂದಿನ ಟೈರನ್ನು ಒತ್ತಿ, ಸುತ್ತ ಸೇರಿದವರಿಗೆಲ್ಲ ಕೇಳುವಂತೆ, "ಗಾಳಿ ಸರಿಯಾಗೇ ಇದೆ. ಬ್ರೇಕ್ ಹಿಡಿದಿದ್ದು ಇವಳ ತಪ್ಪು" ಎಂದರು. ಅಕ್ಕ ಬ್ರೇಕ್ ಮುಟ್ಟಿರಲಿಲ್ಲ. ಅವಳ ಬೆರಳುಗಳು ನನ್ನ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದವು.

ಅಂದಿನಿಂದ ಈ ಮಾತನ್ನು ಅವರು ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಅಕ್ಕ ಕಟ್ಟು ಕಟ್ಟಿದ ಕೈಯಲ್ಲಿ ಒಳಕೋಣೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಹಟ ಎಲ್ಲರಿಗೂ ಇರುತ್ತದೆ. ಆದರೆ ಮೊನ್ನೆ ದೊಡ್ಡಪ್ಪನ ಸೈಕಲ್ಲು ಒರೆಸುತ್ತಿದ್ದೆ. ರಜೆಯ ದಿನಗಳಲ್ಲಿ ಅವರು ಅದನ್ನು ಗಣಿಯ ಗುಡ್ಡಕ್ಕೆ ಒಯ್ದು, ಯಾರೂ ಇಲ್ಲದಾಗ ನಿಧಾನವಾಗಿ ಇಳಿಸಿಕೊಂಡು ಬರುತ್ತಾರೆ. ಮುಂದಿನ ಟೈರಿನ ಮೇಲೆ ಕೈ ಊರಿದೆ. ಹೆಬ್ಬೆರಳು ಒಳಗೆ ಇಳಿಯಿತು. ಕೆಸರು ತೊಳೆದು ನೋಡಿದೆ. ಗಿಡ್ಡ ಹಲ್ಲು, ಅಳಿಸುವ ರಬ್ಬರಿನಷ್ಟು ಮೆತ್ತಗೆ. ಅಂಥ ಟೈರು ನಮ್ಮ ಅಂಗಡಿಯ ಕೊಕ್ಕೆಗಳಲ್ಲಿ ಒಂದೂ ಇಲ್ಲ. ತಮಗೊಂದನ್ನು ಮಾತ್ರ ಎಲ್ಲಿಂದಲೋ ತರಿಸಿಕೊಂಡಿದ್ದರು. ಟೈರಿನ ಬದಿಯಲ್ಲಿ ಅಚ್ಚಾಗಿದ್ದ ಹೆಸರಿನ ಅಕ್ಷರಗಳನ್ನು, ಪಂಕ್ಚರಿಗೆ ಟ್ಯೂಬು ಉಜ್ಜುವ ಕಾಗದದಿಂದಲೇ, ಒಂದೂ ಓದಲಾಗದಂತೆ ಉಜ್ಜಿಬಿಟ್ಟಿದ್ದರು.

ಅದೇ ದಿನ ಅವರು ಈ ವರ್ಷದ ಓಟಕ್ಕೆಂದು ಅಕ್ಕನ ಸೈಕಲ್ಲಿಗೆ ಹೊಸ ಟೈರು ಹಾಕುತ್ತಿದ್ದರು. ಅದೇ ಉದ್ದ ಹಲ್ಲು, ಅದೇ ಗಟ್ಟಿ ರಬ್ಬರು. ವಯಸ್ಸಿನ ಮಿತಿಯಿಂದಾಗಿ ಅಕ್ಕನಿಗೆ ಇದೇ ಕೊನೆಯ ಅವಕಾಶ. ನನಗೆ ಮಾತು ಸುಲಭವಾಗಿ ಬರುವುದಿಲ್ಲ. ತರಗತಿಯಲ್ಲಿ ಎದ್ದು ನಿಂತು ಓದಲಾರದೆಯೇ ಶಾಲೆ ಬಿಟ್ಟವಳು. ಆದರೂ ಕೇಳಿದೆ.

"ದೊಡ್ಡಪ್ಪ, ನಿಮ್ಮ ಸೈಕಲ್‌ಗೆ ಮೆತ್ತಗಿರೋದು ಹಾಕಿದೀರಲ್ಲ."

ಪಂಪಿನ ಮೇಲೆ ಅವರ ಕೈ ನಿಂತಿತು. "ನನಗೆ ವಯಸ್ಸಾಯ್ತು ಪುಟ್ಟಿ. ಸೊಂಟ ನೋವು."

"ಅಕ್ಕನಿಗೂ ಒಂದು..."

"ಈಗ ಬದಲಾಯಿಸಿದ್ರೆ ನೋಡಿದೋರು ಏನಂತಾರೆ? ಹೋದ್ ಸಲ..." ಎಂದು ಅರ್ಧಕ್ಕೆ ನಿಂತರು. ಹೋದ ಸಲ ತಪ್ಪು ದೊಡ್ಡಪ್ಪನದಾಗಿತ್ತೆಂದು ನೋಡಿದವರು ಅಂದುಕೊಳ್ಳುತ್ತಾರೆ, ಅಷ್ಟೇ ಆ ವಾಕ್ಯದ ಉಳಿದ ಭಾಗ. ಅವರು ಮತ್ತೆ ಪಂಪು ಒತ್ತತೊಡಗಿದರು. "ಅಷ್ಟೇ, ಮುಗೀತು" ಎಂಬುದು ಅವತ್ತು ತುಂಬ ತಡವಾಗಿ, ನೆಲದ ಕಡೆ ನೋಡುತ್ತಾ ಬಂತು.

ಅಕ್ಕನಿಗೆ ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. "ನೋಡಿದೀನಿ ಬಿಡೇ" ಎಂದಳು. "ಭುಜ ಕೊಟ್ಟಾಯ್ತು. ಇನ್ನು ಅವರ ಮಾನಾನೂ ನಾನೇ ಹೊರಬೇಕಲ್ಲ, ಮಗಳಲ್ವಾ?" ಭುಜ ಅವಳಿಗೆ ಈಗಲೂ ಪೂರ್ತಿ ಮೇಲೆ ಎತ್ತಲು ಬರುವುದಿಲ್ಲ.

ಇಂಥವರು ಬಹಳ ಮನೆಗಳಲ್ಲಿ ಇದ್ದಾರೆಂದು ನನಗೆ ಈಗ ಅನ್ನಿಸುತ್ತದೆ. ಅವರು ಮೂರ್ಖರಲ್ಲ, ಕಲಿಯುತ್ತಾರೆ. ನಮ್ಮ ಮೂಳೆ ಮುರಿದದ್ದನ್ನು ನೋಡಿಯೇ ಕಲಿಯುತ್ತಾರೆ. ಕಲಿತದ್ದನ್ನು ಮಾತ್ರ ಹೆಸರು ಉಜ್ಜಿಹಾಕಿ ತಮ್ಮ ಚಕ್ರಕ್ಕಷ್ಟೇ ಹಾಕಿಕೊಳ್ಳುತ್ತಾರೆ. ಅವರ ಮಾತು ಉಳಿಯಬೇಕಾದರೆ ನಾವು ಮತ್ತೊಮ್ಮೆ ಬೀಳಲೇಬೇಕು. ಬಿದ್ದ ನಮ್ಮನ್ನು ಅವರು ನಿಜವಾಗಿಯೂ ಅಳುತ್ತಲೇ ಎತ್ತಿಕೊಳ್ಳುತ್ತಾರೆ. ಅವರ ಮೇಲೆ ಕೋಪ ಮಾಡಿಕೊಳ್ಳುವುದು ಕಷ್ಟವಾಗುವುದು ಅದಕ್ಕೇ.

ಓಟ ನಾಡಿದ್ದು. ನಾಳೆ ಬೆಳಿಗ್ಗೆ ಅಂಗಡಿ ತೆರೆದು, ದೊಡ್ಡಪ್ಪ ಬಂದು ತಮ್ಮ ಸ್ಟೂಲಿನ ಮೇಲೆ ಕೂತ ಮೇಲೆ, ಅವರ ಎದುರಿಗೇ ಅವರ ಸೈಕಲ್ಲಿನ ಮುಂದಿನ ಟೈರನ್ನು ಬಿಚ್ಚಿ ಅಕ್ಕನ ಸೈಕಲ್ಲಿಗೆ ಹಾಕುತ್ತೇನೆ.