ಅತ್ತಿಗೆಯ ನರಹುಲಿ, ನಾದಿನಿಯ ಸಾರಜನಕ

ಮೈಕಿನ ಕೆಂಪು ದೀಪ ಆರಿದೆಯೇ ಎಂದು ಮತ್ತೆ ಮತ್ತೆ ನೋಡಿಕೊಂಡ ಮೇಲೆಯೇ ಅನೌನ್ಸರಮ್ಮ ನಾದಿನಿಗೆ ಫೋನು ಮಾಡಿದಳು. ರೈಲು ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ಯಾವ ಗಾಡಿ ಎಲ್ಲಿಗೆ ಬರುತ್ತದೆ, ಎಷ್ಟು ತಡ ಎಂದು ಸಾರುವುದು ಅವಳ ಕೆಲಸ. ಮದುವೆಯಾಗಿ ಬಹಳ ವರ್ಷಗಳಿಗೆ ಬಸುರಾಗಿದ್ದಳು. ಐದು ತಿಂಗಳು ತುಂಬಿತ್ತು.

"ನನಗೆ ಕೆಳಗೆ ಏನೋ ಆಗಿದೆ ಕಣೆ," ಎಂದು ಪಿಸುಗುಟ್ಟಿದಳು.

"ಕೆಳಗೆ ಅಂದ್ರೆ? ಪ್ಲಾಟ್‌ಫಾರ್ಮಲ್ಲಾ?"

"ಅಯ್ಯೋ, ನನ್ನ ಮೈಯಲ್ಲಿ! ಹೇಳೋಕಾಗದ ಜಾಗದಲ್ಲಿ. ಮೊದಲು ಒಂದು ಗುಳ್ಳೆ ಇತ್ತು, ಸುಮ್ಮನಿದ್ದೆ. ಈಗ ಹೂಕೋಸಿನ ಹಾಗೆ ಗೊಂಚಲು ಕಟ್ಟಿಕೊಂಡಿದೆ. ಮೊಬೈಲಲ್ಲಿ ಹುಡುಕಿದೆ. ಓದಿ ಕೈಕಾಲೇ ಆಡ್ತಿಲ್ಲ."

"ಅಣ್ಣನಿಗೆ ಹೇಳಿದ್ರಾ?"

"ಹೇಗೆ ಹೇಳಲಿ? ನೀನಲ್ಲದೆ ಯಾರಿದ್ದಾರೆ ನನಗೆ?"

ನಾದಿನಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಉಸಿರಾಡಲು ಸಹ ಪುರುಸೊತ್ತು ಕೊಡದೆ ಮಾತಾಡುವವಳು. ಅಂದು ಕೊನೆಯ ಪೀರಿಯಡ್ಡನ್ನು ಇನ್ನೊಬ್ಬರಿಗೆ ಒಪ್ಪಿಸಿ, ಕೈಗೆ ಮೆತ್ತಿದ್ದ ಸೀಮೆಸುಣ್ಣದ ಪುಡಿಯನ್ನೂ ತೊಳೆಯದೆ ಆಟೋ ಹತ್ತಿ ಬಂದಳು. ಅನೌನ್ಸರಮ್ಮ ಡ್ಯೂಟಿ ಮುಗಿಸಿ ಮೆಟ್ಟಿಲಿಳಿಯುವಷ್ಟರಲ್ಲಿ ಅವಳ ಕೈಚೀಲ ಕಿತ್ತುಕೊಂಡು, "ನಡೀರಿ ಅತ್ತಿಗೆ, ಅಪಾಯಿಂಟ್‌ಮೆಂಟ್ ತಗೊಂಡಾಯ್ತು," ಎಂದಳು.

ಆಸ್ಪತ್ರೆಯ ಹೆಂಗಸರ ವಿಭಾಗದ ಡಾಕ್ಟರಮ್ಮ ಕುಳ್ಳಗೆ, ದಪ್ಪ ಕನ್ನಡಕದಾಕೆ. ಪರದೆಯ ಹಿಂದೆ ದೀಪ ಹತ್ತಿರಕ್ಕೆಳೆದು ನಿಧಾನವಾಗಿ ನೋಡಿದರು. ಅನೌನ್ಸರಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

"ನರಹುಲಿ ಕಣಮ್ಮ," ಎಂದರು ಡಾಕ್ಟರಮ್ಮ. "ಕೈಗೆ ಆಗಲ್ವಾ, ಅದರದೇ ದಾಯಾದಿ. ಕ್ಯಾನ್ಸರ್ ಅಲ್ಲ."

"ಮಗೂಗೆ?"

"ಮಗು ಹಾಯಾಗಿದೆ. ಹೆರಿಗೇಲಿ ಅದಕ್ಕೆ ತಗಲೋದು ತೀರಾ ಅಪರೂಪ. ಬಸುರಿಯರಿಗೆ ಇದು ಸ್ವಲ್ಪ ಬೇಗ ಬೆಳೆಯುತ್ತೆ, ಅಷ್ಟೆ."

ಅನೌನ್ಸರಮ್ಮನ ಕಣ್ಣಿಂದ ನೀರು ತಾನಾಗಿಯೇ ಇಳಿಯಿತು. ಒರೆಸಿಕೊಳ್ಳುತ್ತ ಇನ್ನೊಂದು ಪ್ರಶ್ನೆ ಕೇಳಿದಳು. ಅದೇ ಅವಳನ್ನು ಒಳಗೊಳಗೇ ಕೊರೆಯುತ್ತಿದ್ದುದು. "ಇದು... ಯಾರಿಂದ ಬಂತು?"

"ಅದನ್ನ ನಾನೂ ಹೇಳಲಾರೆ, ನೀನೂ ಪತ್ತೆ ಹಚ್ಚಲಾರೆ. ಒಬ್ಬರಿಂದ ಒಬ್ಬರಿಗೆ ಬರೋ ವೈರಸ್ಸು, ನಿಜ. ಆದರೆ ವರ್ಷಗಟ್ಟಲೆ ಸದ್ದಿಲ್ಲದೆ ಮೈಯಲ್ಲಿ ಮಲಗಿರುತ್ತೆ. ಯಾರನ್ನೂ ಕಟಕಟೆ ಹತ್ತಿಸಬೇಡ. ಗಂಡನಿಗೂ ಒಂದು ಸಲ ತೋರಿಸಿಕೊಳ್ಳೋಕೆ ಹೇಳು. ಗುಣ ಆಗೋವರೆಗೆ ಇಬ್ಬರೂ ಹುಷಾರಾಗಿರಿ."

"ಔಷಧಿ?"

"ಹಚ್ಚೋ ಔಷಧಿಗಳಿವೆ, ಆದರೆ ಅವುಗಳಲ್ಲಿ ಹೆಚ್ಚಿನವು ಬಸುರಿಯರಿಗೆ ಬೇಡ. ಅದಕ್ಕೇ ಹೆಪ್ಪುಗಟ್ಟಿಸಿಬಿಡೋಣ. ಲಿಕ್ವಿಡ್ ನೈಟ್ರೋಜನ್‌ನಲ್ಲಿ."

ಪರದೆಯ ಆಚೆಯಿಂದ ಕುರ್ಚಿ ಸರಿದ ಸದ್ದು. "ದ್ರವ ಸಾರಜನಕವಾ?!" ಟೀಚರ ಮುಖ ಪರದೆಯ ಅಂಚಿನಲ್ಲಿ ಹಣಕಿತು. "ಮೇಡಂ, ಇಲ್ಲಿದೆಯಾ? ಸೊನ್ನೆಗಿಂತ ನೂರಾ ತೊಂಬತ್ತಾರು ಡಿಗ್ರಿ ಕೆಳಗೆ! ಇಷ್ಟು ವರ್ಷದಿಂದ ಬೋರ್ಡ್ ಮೇಲೆ ಬರೀತಿದ್ದೀನಿ, ಒಂದು ಹನಿ ಕಣ್ಣಲ್ಲಿ ನೋಡಿಲ್ಲ!"

"ನನ್ನ ಪಾಡು ನನಗೆ, ಇವಳಿಗೆ ಪ್ರಯೋಗಶಾಲೆ," ಎಂದಳು ಅನೌನ್ಸರಮ್ಮ. ಆದರೆ ಹೇಳುವಾಗ ನಗು ಬಂದುಬಿಟ್ಟಿತು. ಎಷ್ಟೋ ದಿನಗಳ ಮೇಲೆ ಬಂದ ನಗು.

"ನಿಮ್ಮ ಅತ್ತಿಗೆ ಒಪ್ಪಿದರೆ ತಲೆಯ ಕಡೆ ನಿಂತು ಕೈ ಹಿಡ್ಕೊಳ್ಳಿ," ಎಂದರು ಡಾಕ್ಟರಮ್ಮ.

ನರ್ಸು ಉಕ್ಕಿನ ಫ್ಲಾಸ್ಕು ತಂದು ಮುಚ್ಚಳ ತೆಗೆದಳು. ಬಿಳಿ ಹಬೆ ಮೇಲೇರಲಿಲ್ಲ; ಫ್ಲಾಸ್ಕಿನ ಕಂಠದಿಂದ ಹೊರಳಿ, ಮೇಜಿನ ಅಂಚು ದಾಟಿ ನೆಲದತ್ತ ಸುರಿಯಿತು. ಟೀಚರು ಅತ್ತಿಗೆಯ ಕೈಯನ್ನು ಎಷ್ಟು ಜೋರಾಗಿ ಅದುಮಿದಳೆಂದರೆ, "ನೋವಾಗೋದು ಅಲ್ಲಲ್ಲ, ಇಲ್ಲೇ ಕಣೆ!" ಎಂದು ಅವಳು ಕೂಗಬೇಕಾಯಿತು.

ಡಾಕ್ಟರಮ್ಮ ಹತ್ತಿ ಸುತ್ತಿದ ಕಡ್ಡಿಯನ್ನು ಅದ್ದಿ ಒಂದು ಗಂಟಿನ ಮೇಲಿಟ್ಟರು. ಮೊದಲು ಬರೀ ತಣ್ಣಗೆ ಅನ್ನಿಸಿತು. ಆಮೇಲೆ ಚುಳ್ಳೆಂದಿತು, ಮೆಣಸಿನಕಾಯಿ ಉಜ್ಜಿದ ಹಾಗೆ ಉರಿ. ಅನೌನ್ಸರಮ್ಮ ಹಲ್ಲು ಕಚ್ಚಿದಳು.

"ಬೆಳ್ಳಗಾಯ್ತು. ಸುತ್ತ ಒಂದು ಬಿಳಿ ಅಂಚು ಕಟ್ಟಬೇಕು... ಕಟ್ಟಿತು. ಈಗ ಕರಗಲಿ. ಆಮೇಲೆ ಇನ್ನೊಂದು ಸುತ್ತು."

"ಇನ್ನೊಂದಾ?"

"ಹೆಪ್ಪುಗಟ್ಟಿ ಕರಗಿದಾಗಲೇ ಅದರ ಜೀವಕೋಶ ಒಡೆಯೋದು ಅತ್ತಿಗೆ," ಎಂದು ಟೀಚರು ಶುರುಮಾಡಿದಳು. "ಒಳಗಿನ ನೀರು ಮಂಜಾಗುತ್ತಲ್ಲ, ಆಗ..."

"ಪಾಠ ಬೇಡ, ಏನಾದರೂ ಹಾಸ್ಯ ಹೇಳು!"

ಟೀಚರಿಗೆ ಆ ಗಡಿಬಿಡಿಯಲ್ಲಿ ಒಂದೂ ನೆನಪಾಗಲಿಲ್ಲ. ಬಾಯಿ ತೆರೆದು ಮುಚ್ಚಿದಳು. ಅವಳು ಸುಮ್ಮನಿದ್ದುದನ್ನು ಅದೇ ಮೊದಲ ಸಲ ಕಂಡ ಅನೌನ್ಸರಮ್ಮ ಉರಿಯ ನಡುವೆಯೇ ಕಿಸಕ್ಕೆಂದಳು. ನಗುತ್ತಿದ್ದಂತೆ ಹೊಟ್ಟೆಯೊಳಗೆ ಏನೋ ಮೀನು ಮಗುಚಿದ ಹಾಗಾಯಿತು.

"ತಡೀರಿ! ಒದೀತು! ಒದೀತು ಕಣೆ!"

ಡಾಕ್ಟರಮ್ಮ ಕಡ್ಡಿ ಎತ್ತಿ ಹಿಡಿದರು. ಅವರು, ನರ್ಸು, ಟೀಚರು, ಮೂವರೂ ಆ ಹೊಟ್ಟೆಯನ್ನೇ ನೋಡಿದರು. ಹೊರಗೆ ಏನೂ ಕಾಣಲಿಲ್ಲ. ಆದರೂ ಟೀಚರು ಚಪ್ಪಾಳೆ ತಟ್ಟಿದಳು.

ಗಂಡ ಬೇಕರಿಯಲ್ಲಿ ಬ್ರೆಡ್ಡು ಸುಡುವವನು. ಸಂಜೆ ಇಬ್ಬರೂ ನೇರ ಅಲ್ಲಿಗೇ ಹೋದರು. ಮನೆಗೆ ಹೋದರೆ ಧೈರ್ಯ ಜಾರೀತೆಂದು ಅವಳಿಗೆ ಭಯ. ಮೈದಾ ಮೂಟೆಗಳ ಪಕ್ಕದಲ್ಲಿ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನ ಮುಖ ಕಪ್ಪಿಟ್ಟಿತು. ತಟ್ಟೆಯೊಂದನ್ನು ದಡಾರೆಂದು ಇಟ್ಟ.

"ಊರಿಗೆಲ್ಲ ಕೂಗಿ ಹೇಳ್ತೀಯ. ನನಗೊಬ್ಬನಿಗೆ ಹೇಳೋಕಾಗ್ಲಿಲ್ವಾ? ಇಷ್ಟು ದಿನ ಒಬ್ಬಳೇ ಹೆದರಿಕೊಂಡು ಕೂತಿದ್ಯಾ?"

"ನೀವು ಏನಂದ್ಕೊಳ್ತೀರೋ ಅಂತ..."

"ಏನಂದ್ಕೊಳ್ಲಿ? ನನ್ನಿಂದಲೇ ಬಂದಿರಬಹುದಲ್ಲ." ಅವನು ಏಪ್ರನ್ನಿಗೆ ಕೈ ಒರೆಸಿಕೊಂಡ. "ಮಗು ಚೆನ್ನಾಗಿದೆ ತಾನೇ?"

"ಇವತ್ತು ಒದೀತು."

"ಏನು? ಯಾವಾಗ?" ಅವನ ಸಿಟ್ಟು ಎಲ್ಲಿ ಹೋಯಿತೋ. ಒಲೆಯಲ್ಲಿದ್ದ ಬ್ರೆಡ್ಡು ಸೀದು ಹೊಗೆ ಬರುವತನಕ ಅವನ ಕೈ ಅವಳ ಹೊಟ್ಟೆಯ ಮೇಲೇ ಇತ್ತು. ಮರುವಾರ ತಾನೂ ಹೋಗಿ ತೋರಿಸಿಕೊಂಡು ಬಂದ; ಅವನ ಮೈಯಲ್ಲಿ ಏನೂ ಕಾಣಲಿಲ್ಲ.

ಹೆಪ್ಪುಗಟ್ಟಿಸಿದ ಜಾಗದಲ್ಲಿ ನೀರ್ಗುಳ್ಳೆ ಎದ್ದು, ಒಣಗಿ, ಚಕ್ಕೆಯಾಗಿ ಉದುರಿತು. ಒಂದೇ ಸಲಕ್ಕೆ ಮುಗಿಯಲಿಲ್ಲ. ಎರಡು ಮೂರು ವಾರಗಳಿಗೊಮ್ಮೆ ಹೋಗಿ ಬಂದರು. ಒಂದು ಹಟಮಾರಿ ಗಂಟು ಹೋದ ಹಾಗೆ ಮಾಡಿ ಮರಳಿ ಬಂದಾಗ ಅನೌನ್ಸರಮ್ಮ ಅತ್ತಳು; ಡಾಕ್ಟರಮ್ಮ, "ಅದಕ್ಕೂ ಒಂದು ಗತಿ ಕಾಣಿಸೋಣ," ಎಂದು ಮತ್ತೆ ಫ್ಲಾಸ್ಕು ತರಿಸಿದರು. ಹೆರಿಗೆಯ ಹೊತ್ತಿಗೆ ಚರ್ಮ ನಯವಾಗಿತ್ತು. ಹುಟ್ಟಿದ ಹೆಣ್ಣುಮಗು ಅಮ್ಮನಿಗಿಂತ ದೊಡ್ಡ ಗಂಟಲಿನದು.

ಅಷ್ಟಕ್ಕೆ ಬಿಟ್ಟರೆ ನಾದಿನಿ ಟೀಚರೇ ಅಲ್ಲ. ಈ ವೈರಸ್ಸಿನ ವಿರುದ್ಧ ಹುಡುಗಿಯರಿಗೆ ಲಸಿಕೆಯಿದೆ ಎಂದು ತಿಳಿದದ್ದೇ ತಡ, ಹೆಡ್‌ಮಾಸ್ಟರ ಬೆನ್ನುಬಿದ್ದು, ತಾಯಂದಿರನ್ನೂ ಕರೆಸಿ, ಡಾಕ್ಟರಮ್ಮನನ್ನು ಶಾಲೆಗೆ ಕರೆತಂದಳು. ಸಭಾಂಗಣ ತುಂಬಿತ್ತು. ಡಾಕ್ಟರಮ್ಮ ಎಲ್ಲ ವಿವರಿಸಿ, "ಪ್ರಶ್ನೆ ಇದ್ದರೆ ಕೇಳಿ," ಎಂದರು. ಹುಡುಗಿಯರು ಬೆಂಚು ಕೆರೆಯುತ್ತಿದ್ದರು. ತಾಯಂದಿರು ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಹಿಂದಿನ ಸಾಲಿನಲ್ಲಿ ಮಗುವನ್ನು ಹೆಗಲಿಗೇರಿಸಿಕೊಂಡಿದ್ದ ಅನೌನ್ಸರಮ್ಮ ಎದ್ದು ನಿಂತಳು. ದನಿ ಸ್ಪಷ್ಟವಾಗಿತ್ತು.

"ಇದು ನನಗೆ ಬಂದಿತ್ತು. ಈ ಮಗು ಹೊಟ್ಟೇಲಿದ್ದಾಗ. ವಾಸಿಯಾಯ್ತು."

ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ಆಮೇಲೆ ಮುಂದಿನ ಬೆಂಚಿನ ಜಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು.

"ತುಂಬಾ ನೋವಾಯ್ತಾ ಆಂಟಿ?"

"ಉರೀತು ಪುಟ್ಟಿ. ಆದರೆ ಹೆದರಿಕೊಂಡು ಕೂತಿದ್ದ ದಿನಗಳಷ್ಟು ಅಲ್ಲ."

ಅಷ್ಟೇ ಸಾಕಾಯಿತು. ಅಲ್ಲೊಂದು ಕೈ, ಇಲ್ಲೊಂದು ಕೈ. ಹುಡುಗಿಯರಿಗಿಂತ ಮೊದಲು ತಾಯಂದಿರದೇ ಕೈಗಳು ಮೇಲೆದ್ದವು. "ಒಬ್ಬೊಬ್ಬರಾಗಿ, ಒಬ್ಬೊಬ್ಬರಾಗಿ!" ಎಂದು ಟೀಚರು ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದಳು. ಕೇಳುವವರು ಯಾರೂ ಇರಲಿಲ್ಲ.